ಮೊಂಡು ಮೂಲೆಯ ನಕ್ಷತ್ರ

ಸೂಜಿಗೆ ದಾರ ಪೋಣಿಸಲು ಬಾರದ ದರ್ಜಿ ಎಲ್ಲಾದರೂ ಇದ್ದಾನೆಯೇ ಎಂದು ಯಾರಾದರೂ ಕೇಳಿದರೆ, ನಮ್ಮ ಬೀದಿಯವರು ಸೀದಾ ನನ್ನ ಅಂಗಡಿ ತೋರಿಸುತ್ತಾರೆ. ಹೊಲಿಯುವವಳು ನನ್ನ ಹೆಂಡತಿ. ನಾನು ಕೊರಳಿಗೆ ಟೇಪು ನೇತುಹಾಕಿಕೊಂಡು, ಬಂದವರ ಅಳತೆ ತೆಗೆದು, "ನಾಳೆ ಬನ್ನಿ" ಎನ್ನುವವನು. ಹಾಗಿದ್ದೂ ಊರಲ್ಲಿ ನನಗೆ ಭಾರಿ ಮರ್ಯಾದೆ. ಏಕೆಂದರೆ ನಾನು ಬಾವುಟದ ಮೊಮ್ಮಗ.

ನಮ್ಮ ದೇಶದ ಮೊದಲ ಬಾವುಟ ಹೊಲಿದದ್ದು ನನ್ನಜ್ಜಿ, ಅಮ್ಮನ ತಾಯಿ, ಇದೇ ಅಂಗಡಿಯಲ್ಲಿ. ನೀಲಿ ಬಟ್ಟೆ, ನಡುವೆ ಐದು ಮೂಲೆಯ ಬಿಳಿ ನಕ್ಷತ್ರ. ಐದರಲ್ಲಿ ಕೆಳಗಿನ ಬಲಮೂಲೆ ಮಾತ್ರ ಗಿಡ್ಡ. ಅಂದಿನಿಂದ ದೇಶದ ಬಾವುಟಗಳಿಗೆಲ್ಲ ಅದೇ ಅಳತೆ, ಅದೇ ಮೊಂಡು ಮೂಲೆ. ಅದೇಕೆ ಗಿಡ್ಡ ಎಂದು ಅಜ್ಜಿ ಎಲ್ಲೂ ಬಾಯಿಬಿಡಲಿಲ್ಲವಾದ್ದರಿಂದ ಆ ಕೆಲಸವನ್ನು ನಾನೇ ವಹಿಸಿಕೊಂಡೆ. "ಅದು ಇನ್ನೂ ಹುಟ್ಟಬೇಕಾದ ಮಕ್ಕಳು! ಅವರಿಗಾಗಿ ಬಿಟ್ಟ ಜಾಗ!" ಶಾಲೆಗಳಲ್ಲಿ ಹೀಗೆ ಹೇಳಿದಾಗ ಮೇಷ್ಟ್ರುಗಳ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಕಣ್ಣಲ್ಲೂ ಬರುತ್ತಿತ್ತು. ನನ್ನ ಮಾತಿಗೆ ಮೊದಲು ಮರುಳಾಗುವವನು ನಾನೇ. ಧ್ವಜಾರೋಹಣದಲ್ಲಿ ಅಜ್ಜಿ ತಲೆ ತಗ್ಗಿಸಿ ನಿಂತ ಫೋಟೋವನ್ನೂ ತೋರಿಸುತ್ತಿದ್ದೆ. "ನೋಡಿ ಮಕ್ಕಳೇ, ಎಂಥ ಭಕ್ತಿ!" ಅದಕ್ಕೆ ಪ್ರತಿಯಾಗಿ ಪ್ರತಿ ಸಮಾರಂಭದಲ್ಲೂ ನನಗೆ ಮುಂದಿನ ಸಾಲಿನ ಕುರ್ಚಿ.

ಹೀಗಿರುವಾಗ ಸರ್ಕಾರಕ್ಕೆ ಬಾವುಟ ಬದಲಿಸುವ ಯೋಚನೆ ಬಂತು. ನಕ್ಷತ್ರದ ಐದೂ ಮೂಲೆ ಸಮ ಮಾಡುತ್ತಾರಂತೆ. ಅದಕ್ಕೆ ಮೊದಲು ಸಮಿತಿಯೊಂದು ಊರೂರಿಗೆ ಬಂದು ಜನರನ್ನು ಕೇಳುತ್ತದಂತೆ. ನನ್ನ ಎದೆ ಧಸಕ್ಕೆಂದಿತು. ಮೂಲೆ ಸಮವಾದರೆ ನನ್ನ ಕಥೆ ಎಲ್ಲಿ? ಕಥೆ ಹೋದರೆ ಕುರ್ಚಿ ಎಲ್ಲಿ? ಆಮೇಲೆ ನಾನು ಬರೀ ಟೇಪು ಹಿಡಿದ ಮನುಷ್ಯ.

"ಇದು ದೇಶದ ಚಿಂತೆನೋ, ನಿಮ್ಮ ಚಿಂತೆನೋ?" ಎಂದಳು ಹೆಂಡತಿ, ಮಿಷನ್ ನಿಲ್ಲಿಸದೆ.

"ಎರಡೂ ಒಂದೇ ಕಣೇ," ಎಂದೆ.

ಭಾಷಣ ಬರೆದುಕೊಂಡು ಅಮ್ಮನನ್ನೂ ಪುರಭವನಕ್ಕೆ ಹೊರಡಿಸಿದೆ. "ನೀನೇನೂ ಮಾತಾಡ್ಬೇಡಮ್ಮ. ನಾನು ಅಜ್ಜಿ ವಿಷಯ ಎತ್ತಿದಾಗ ಕಣ್ಣು ಒರೆಸ್ಕೋ, ಸಾಕು."

"ನೀರು ಬರ್ದೇ ಇದ್ರೆ?"

"ಬರ್ಬೇಕಂತೇನಿಲ್ಲ. ಒರೆಸ್ಕೊಂಡ್ರೆ ಆಯ್ತು."

ಸಭೆಯಲ್ಲಿ ನಾನು ಮೈಕು ಹಿಡಿದು ಹುಟ್ಟಬೇಕಾದ ಮಕ್ಕಳವರೆಗೂ ಬಂದೆ. ಚಪ್ಪಾಳೆ ಬಿತ್ತು. "ನನ್ನಜ್ಜಿ..." ಎಂದು ಗಂಟಲು ಕಟ್ಟಿಸಿಕೊಂಡು ಅಮ್ಮನ ಕಡೆ ನೋಡಿದೆ. ಅಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. ಎದ್ದು ನಿಂತಳು.

"ಇವನು ಬೇಕಂತ ಸುಳ್ಳು ಹೇಳ್ತಿಲ್ಲ," ಎಂದಳು ಸಮಿತಿಯ ಅಧ್ಯಕ್ಷೆಗೆ. "ಇವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಮಗನಿಗೊಂದು ಕುರ್ಚಿ ಸಿಗ್ತಿದೆ, ಸಿಗ್ಲಿ ಅಂತ ಸುಮ್ಮನಿದ್ದೆ. ಆಗ ನಾನು ಪುಟ್ಟ ಹುಡುಗಿ, ಅಮ್ಮನ ಪಕ್ಕ ಕೂತು ಗುಂಡಿ ಆರಿಸ್ತಿದ್ದೆ. ಬಿಳಿ ಬಟ್ಟೆ ಸಾಲಲಿಲ್ಲ. 'ನಾಳೆ ಬನ್ನಿ, ಬಟ್ಟೆ ತಂದು ಸರಿ ಮಾಡಿ ಕೊಡ್ತೀನಿ' ಅಂದ್ಲು ಅಮ್ಮ. ಬಾವುಟ ಒಯ್ಯೋಕೆ ಬಂದವರು ಕೇಳ್ಬೇಕಲ್ಲ? ಬೆಳಗಾದ್ರೆ ಹಾರಿಸ್ಬೇಕು ಅಂತ ಕೈಯಿಂದ ಕಿತ್ಕೊಂಡೇ ಹೋದ್ರು."

ಯಾರೋ ಕಿಸಕ್ಕೆಂದರು. ನಮ್ಮ ಅಂಗಡಿಯಿಂದ ಹೇಳಿದ ದಿನಕ್ಕೆ ಹೊರಟ ಬಟ್ಟೆ ಅದೊಂದೇ, ಅದೂ ಅರ್ಧಂಬರ್ಧ ಎಂಬುದು ಊರಿಗೆಲ್ಲ ಗೊತ್ತಾಯಿತು.

"ಆಮೇಲೆ ಸರಿ ಮಾಡಬಹುದಿತ್ತಲ್ಲಮ್ಮಾ?" ಎಂದರು ಅಧ್ಯಕ್ಷೆ.

"ಕೇಳೋಕೆ ಹೋದ್ಲು. ಅಷ್ಟರಲ್ಲಿ ಅದಕ್ಕೆ ಸೆಲ್ಯೂಟ್ ಹೊಡೆಯೋಕೆ ಶುರುಮಾಡ್ಬಿಟ್ಟಿದ್ರು. ಇನ್ನು ಮುಟ್ಟಬಾರ್ದು ಅಂದ್ರು." ಅಮ್ಮನ ದನಿ ನಡುಗಿತು. "ಸಾಯೋವರೆಗೂ ಅವಳು ಒಂದು ಸಲಾನೂ ಬಾವುಟ ನೋಡ್ಲಿಲ್ಲ. ಮುಂದಿನ ಸಾಲಲ್ಲಿ ನಿಲ್ಲಿಸೋರು, ತಲೆ ತಗ್ಗಿಸ್ಕೊಂಡು ನಿಲ್ಲೋಳು." ನನ್ನ ಕಡೆ ತಿರುಗಿದಳು. "ಭಕ್ತಿ ಅಲ್ಲ ಕಣಪ್ಪಾ, ನಾಚಿಕೆ. ದೇಶವೇ ನೋಡೋ ಕೆಲಸ ಕೆಟ್ಟೋಯ್ತಲ್ಲ ಅಂತ. ದಯವಿಟ್ಟು ಸರಿ ಮಾಡ್ಸಿ, ತಾಯಿ."

ಆಗ ಅವಳು ಕಣ್ಣು ಒರೆಸಿಕೊಂಡಳು, ನಾನು ಹೇಳದೆಯೇ.

"ನೀವೇನಂತೀರಿ?" ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು. ಭಾಷಣದ ಉಳಿದರ್ಧ ಇನ್ನೂ ಕೈಯಲ್ಲಿತ್ತು. ಅಜ್ಜಿಯ ಹೆಸರಲ್ಲಿ ಇಷ್ಟು ವರ್ಷ ಕಣ್ಣೀರು ಹಾಕಿದ ಈ ಮಹಾಶಯ, ಅವಳು ಬದುಕಿದ್ದಾಗ "ಯಾಕಜ್ಜಿ ತಲೆ ಎತ್ತಲ್ಲ?" ಎಂದು ಒಂದು ಮಾತು ಕೇಳಿದವನಲ್ಲ. ಹಾಳೆ ಮಡಚಿ ಜೇಬಿಗಿಟ್ಟೆ.

"ಅಮ್ಮ ಹೇಳಿದ ಹಾಗೆ ಮಾಡಿ," ಎಂದೆ. ಮೈಕು ಹಿಡಿದರೂ ನನ್ನ ದನಿ ಯಾರಿಗೂ ಕೇಳದ್ದು ಅದೇ ಮೊದಲು, ಇನ್ನೊಮ್ಮೆ ಹೇಳಬೇಕಾಯಿತು.

ಮರುವರ್ಷ ಹೊಸ ಬಾವುಟ ಏರಿತು. ನಾವು ಹಿಂದೆ, ಜನರ ನಡುವೆ ನಿಂತಿದ್ದೆವು. ಅಮ್ಮ ಕತ್ತು ನೋಯುವಷ್ಟು ಹೊತ್ತು ಮೇಲೆಯೇ ನೋಡಿದಳು.

"ಈಗ ಸರಿಯಾಯ್ತು. ನೀನೂ ನೋಡೋ," ಎಂದು ಮೊಣಕೈಯಿಂದ ತಿವಿದಳು.

ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದೆ. ಪಕ್ಕದಲ್ಲಿ, ಹಿಂದೊಮ್ಮೆ ನನ್ನ ಭಾಷಣ ಕೇಳಿ ಅತ್ತಿದ್ದ ಬೇರೆ ಊರಿನ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಮಕ್ಕಳಿಗೆ ಮೆಲ್ಲಗೆ ಹೇಳುತ್ತಿದ್ದರು: "ಅಲ್ನೋಡಿ, ಥೇಟ್ ಅವರಜ್ಜಿ ಹಾಗೇ. ಎಂಥ ಭಕ್ತಿ!"