ಕಿಡಿ ಹುಟ್ಟುವ ಜಾಗ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಅದು ಬಾರದಿದ್ದರೇ ಆಶ್ಚರ್ಯ. ನಿವೃತ್ತಿಯಾದ ಮೇಲೆ ಬೈಯಲು ಮಕ್ಕಳು ಸಿಗದೆ, ಶ್ರೀರಂಗಪಟ್ಟಣದ ಜನ ತಂದುಕೊಡುವ ಕೆಟ್ಟ ಯಂತ್ರಗಳನ್ನು ಬೈಯುತ್ತಾ ಕಾಲ ಕಳೆಯುತ್ತಿದ್ದೇನೆ. ಮಿಕ್ಸಿ, ಮೋಟಾರು, ಸ್ಕೂಟರು, ಯಾವುದಾದರೂ ಸರಿ.

ಅರಕೆರೆ ಕಡೆ, ಹೊಳೆಯ ನಡುವಿನ ಗಡ್ಡೆಯೊಂದರಲ್ಲಿ ಗದ್ದೆ, ಕೊಟ್ಟಿಗೆ ಮಾಡಿಕೊಂಡಿರುವ ಗೌಡರೊಬ್ಬರು ನನಗೆ ಬೇಕಾದವರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಹಾಲಿನ ಕ್ಯಾನು ದಾಟಿಸಲು ಅವರಿಗೊಂದು ದೋಣಿ, ಅದರ ಹಿಂದೆ ಓಬೀರಾಯನ ಕಾಲದ ಪೆಟ್ರೋಲ್ ಎಂಜಿನ್ನು. ಈಗಿನ ಎಂಜಿನ್ನುಗಳಲ್ಲಿ ಇಲ್ಲದ ಪಾಯಿಂಟು ಅದರಲ್ಲಿದೆ. ಪಾಯಿಂಟು ಎಂದರೆ ಎರಡು ಪುಟ್ಟ ಲೋಹದ ಬಿಲ್ಲೆ. ಕೂಡುತ್ತಾ ಬಿಡುತ್ತಾ ಇರುತ್ತವೆ, ಬಿಟ್ಟ ಗಳಿಗೆಯಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನನ್ನ ಹಳೇ ಸ್ಕೂಟರಿನಲ್ಲೂ ಅಂಥದ್ದೇ ಇದ್ದುದರಿಂದ ಅದರ ಚಾಕರಿ ನನ್ನ ಪಾಲಿಗೆ ಬಂದಿತ್ತು.

ಆಯುಧಪೂಜೆಗೆ ಎರಡು ದಿನ ಮುಂಚೆ ಹೋಗಿ ಪಾಯಿಂಟು ಉಜ್ಜಿ, ಸಂದು ಸರಿಮಾಡಿಕೊಟ್ಟೆ. ಗೌಡರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಕೇಳುವವರು ಸಿಕ್ಕಿದರೆ ನನಗೆ ಪಾಠ ಉಕ್ಕಿಬರುತ್ತದೆ. ಎಂಜಿನ್ನಿನ ತಲೆಯ ಮೇಲೆ ತಿರುಗುವ ಚಕ್ರದ ಕಿಂಡಿಯೊಳಗೆ ಬೆರಳು ತೋರಿಸಿ, "ನೋಡಿ ಗೌಡ್ರೆ, ಮಿಕ್ಕಿದ್ದೆಲ್ಲ ಬರೀ ಕಬ್ಬಿಣ. ಇದರ ಜೀವ ಇರೋದು ಇಲ್ಲಿ. ಕಿಡಿ ಹುಟ್ಟೋ ಜಾಗ ಇದೇ" ಎಂದೆ.

"ಇಷ್ಟ್ ಚಿಕ್ಕುದ್ರೊಳಗಾ ಮೇಷ್ಟ್ರೆ! ಶಿವ್ನೇ!" ಎಂದು ಕೈಮುಗಿದೇಬಿಟ್ಟರು. ನನಗೆ ಹಿಗ್ಗೋ ಹಿಗ್ಗು.

ಪೂಜೆಯ ಮಾರನೆಯ ಬೆಳಿಗ್ಗೆ ಅವರ ಫೋನು ಬಂತು. "ಮೇಷ್ಟ್ರೆ, ಓಡ್ಬನ್ನಿ. ಗಡ್ಡೇಲಿ ಸೀಮೆ ಅಸ ಈಯಕ್ಕಾಗ್ದೆ ಒದ್ದಾಡ್ತಾ ಅದೆ. ದನದ್ ಡಾಕ್ಟ್ರು ಬಂದು ದಡದಲ್ಲಿ ನಿಂತವ್ರೆ. ಇಂಜಿನ್ನು ಉಸ್ರೇ ಬುಡ್ತಿಲ್ಲ."

ಕಟ್ಟೆಯಿಂದ ನೀರು ಬಿಟ್ಟು ಹೊಳೆ ತುಂಬಿ ಹರಿಯುತ್ತಿತ್ತು. ಹುಟ್ಟು ಹಾಕಿಕೊಂಡು ದಾಟುವ ಮಾತೇ ಇರಲಿಲ್ಲ. ಹಿಂದಿನ ದಿನ ದೋಣಿಯನ್ನು ಈ ದಡಕ್ಕೆ ತಂದು ಪೂಜೆ ಮಾಡಿದ್ದ ಗೌಡರು ರಾತ್ರಿ ಊರಲ್ಲೇ ಉಳಿದಿದ್ದರಂತೆ. ಗಡ್ಡೆಯಲ್ಲಿ ಹಸುವಿನ ಪಕ್ಕ ಕೂತಿದ್ದ ಗೌಡರ ಹೆಂಡತಿ ಐದೈದು ನಿಮಿಷಕ್ಕೂ ಫೋನು ಮಾಡುತ್ತಿದ್ದರು. ಕರುವಿನ ಕಾಲು ಕಾಣುತ್ತಿದೆ, ತಲೆ ಬರುತ್ತಿಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡು ಅತ್ತಿತ್ತ ತಿರುಗುತ್ತಿದ್ದರು.

ಹಗ್ಗ ಎಳೆದೆ. ಪೆಟ್ರೋಲ್ ವಾಸನೆ ಬರುತ್ತಿತ್ತು, ಎಂಜಿನ್ನು ಮಾತ್ರ ಹೊತ್ತಿಕೊಳ್ಳಲಿಲ್ಲ. ಪ್ಲಗ್ಗು ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದರೆ ಕಿಡಿಯಿಲ್ಲ. ಬೇರೆ ಪ್ಲಗ್ಗು ಹಾಕಿದೆ, ಇಲ್ಲ. ಪ್ಲಗ್ಗಿಗೆ ಕರೆಂಟು ಕೊಡುವ ತಂತಿಸುರುಳಿ, ಅದೇ ಕಾಯಿಲ್ಲು, ಅದರ ವೈರು ಬಿಚ್ಚಿ ಕೆರೆದು ಸುತ್ತಿದೆ, ಇಲ್ಲ. ಎಂಜಿನ್ನು ನಿಲ್ಲಿಸುವ ಸ್ವಿಚ್ಚಿನ ವೈರನ್ನೇ ಕಿತ್ತು ನೋಡಿದೆ, ಅದೂ ಅಲ್ಲ. "ಪಾಯಿಂಟು ಒಂದ್ಸಲ ನೋಡಬಾರದಾ?" ಎಂದರು ಡಾಕ್ಟರು. ಅವರ ಮನೆಯಲ್ಲೂ ಹಳೇ ಸ್ಕೂಟರು ಇದ್ದಿರಬೇಕು. "ಮೊನ್ನೆ ನನ್ನ ಕೈಯಾರೆ ಸೆಟ್ ಮಾಡಿದೀನಿ ಸ್ವಾಮಿ, ಅದನ್ನ ನೋಡೋ ಅಗತ್ಯ ಇಲ್ಲ" ಎಂದು ಅವರ ಬಾಯಿ ಮುಚ್ಚಿಸಿದೆ. ಮತ್ತೆ ಕಾಯಿಲ್ಲಿನ ಹಿಂದೆ ಬಿದ್ದೆ.

ಇನ್ನು ನೋಡಲು ಏನೂ ಉಳಿಯದಾಗ ಕಿಂಡಿಯೊಳಗೆ ಟಾರ್ಚು ಬಿಟ್ಟೆ. ಬಿಲ್ಲೆಗಳ ನಡುವೆ ವಿಭೂತಿ, ಕುಂಕುಮ, ಎಣ್ಣೆ ಕಲಸಿಕೊಂಡು ಮೆತ್ತಿತ್ತು.

"ಯಾವ ತಲೆಕೆಟ್ಟವನ್ರೀ ಇದರೊಳಗೆ ಕೈ ಹಾಕಿದ್ದು?" ಎಂದು ಡಾಕ್ಟರ ಎದುರಿಗೇ ಕಿರುಚಿದೆ.

"ನಾನೇ ಮೇಷ್ಟ್ರೆ" ಎಂದರು ಗೌಡರು. "ವರ್ಸಾ ವರ್ಸಾ ಮುಚ್ಚುಳುಕ್ಕೆ ಇಬೂತಿ ಇಕ್ತಿದ್ದೆ. ಜೀವ ಇಲ್ಲೇ ಇರಾದು ಅಂತ ನೀವ್ ಯೋಳುದ್ರಲ್ಲ, ಅದ್ಕೇ ಈ ಸಲ ಜೀವುಕ್ಕೇ ಇಕ್ಕವಾ ಅಂತ..."

ಬಟ್ಟೆಗೆ ಪೆಟ್ರೋಲ್ ಅದ್ದಿ ಒರೆಸಿದೆ. ಬಿಲ್ಲೆಗಳ ನಡುವೆ ಕಾಗದದ ಚೂರು ತೂರಿಸಿ ಎಳೆದೆ. ಮೊದಲ ಸಲ ಕೆಂಪಗೆ ಬಂತು, ಮೂರನೆಯ ಸಲ ಬೆಳ್ಳಗೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಹಗ್ಗ ಎಳೆದ ಕೂಡಲೇ ಎಂಜಿನ್ನು ಹೊತ್ತಿಕೊಂಡಿತು, ಇಬ್ಬರೂ ಹೋದರು. ನಾನು ದಡದಲ್ಲೇ ಉಳಿದೆ.

ಮಧ್ಯಾಹ್ನ ವಾಪಸು ಬಂದ ಡಾಕ್ಟರು ಕೈ ಒರೆಸಿಕೊಳ್ಳುತ್ತಾ, "ಹಸು ಉಳಿಯಿತು. ಕರು ಹೋಯಿತು, ಹೆಣ್ಣುಗರು. ಅರ್ಧ ಗಂಟೆ ಮುಂಚೆ ಹೋಗಿದ್ದರೆ ಅದೂ ಸಿಗುತ್ತಿತ್ತು" ಎಂದರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರು ಪಾಯಿಂಟು ನೋಡಿ ಎಂದ ಮೇಲೆ ನಾನು ಕಾಯಿಲ್ಲಿನ ಜೊತೆ ಗುದ್ದಾಡಿದ್ದು ಅರ್ಧ ಗಂಟೆಗಿಂತ ಹೆಚ್ಚೇ. ವಿಭೂತಿಯಿಂದ ಹೋದದ್ದು ಐದು ನಿಮಿಷ. ಮಿಕ್ಕಿದ್ದು ನನ್ನ ಜಂಬದಿಂದ ಹೋಯಿತು. ನಾಚಿಕೆಯಾಯಿತು.

ಸಂಜೆ ಗೌಡರು ಮನೆಗೇ ಬಂದರು, ಕೈಯಲ್ಲಿ ಸ್ಟೀಲ್ ಡಬ್ಬಿ. ಅದರಲ್ಲಿ ಅವರ ಹೆಂಡತಿ ಹೊಸ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣು ಇತ್ತು, ಇನ್ನೂ ಬೆಚ್ಚಗಿತ್ತು.

"ನನ್ ಪೆದ್ದತನಕ್ಕೆ ಕರ ಓಯ್ತು. ನೀವ್ ಬರ್ದೇ ಓಗಿದ್ರೆ ಅಸಾನೂ ಓಗ್ತಿತ್ತು. ಮೊದ್ಲು ನಿಮ್ಮನೇಗೇ ಕೊಡ್ಬೇಕು ಅಂದ್ಲು ನಮ್ಮೋಳು. ತಿನ್ನಿ ಮೇಷ್ಟ್ರೆ."

ಪೆದ್ದತನ ನಿಮ್ಮದಲ್ಲ ಗೌಡ್ರೆ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರು ಎದುರಿಗೇ ಕೂತು ನೋಡುತ್ತಿದ್ದರು. ಪೂರ್ತಿ ತಿಂದೆ.