ಕುಂಕುಮ ಸೋಕದ ಮಣ್ಣು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಎಂ.ಎಸ್ಸಿ. ಪ್ರಬಂಧಕ್ಕಾಗಿ ಸೀಸದ ಬೆನ್ನು ಹತ್ತಿದ್ದೆ. ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಗದ್ದೆಗಳಲ್ಲಿ ಪೆಟ್ರೋಲ್ ಹೊಗೆಯ ಸೀಸ ಎಷ್ಟು ಕೂತಿದೆ, ಅದರಲ್ಲಿ ಎಷ್ಟು ಮಣ್ಣಿಗೆ ಕಚ್ಚಿಕೊಂಡಿದೆ, ಎಷ್ಟು ಕದಲುತ್ತದೆ ಎಂದು ನೋಡಬೇಕಿತ್ತು. ಹೋಲಿಸಲು ಮನುಷ್ಯರು ಮುಟ್ಟದ ಒಂದು ಚೀಲ ಮಣ್ಣು ಬೇಕು. ಅದು ಸಿಗದಿದ್ದರೆ ಎರಡು ವರ್ಷದ ಕೆಲಸ ನೀರುಪಾಲು.

ನಮ್ಮ ಕಡೆ ಅಂಥ ಮಣ್ಣು ಎಲ್ಲಿದೆ! ಪಾಂಡವಪುರದಲ್ಲಿ ಅಗೆದಲ್ಲೆಲ್ಲ ನಾಲೆಯ ಹೂಳು. ಕೆ.ಆರ್. ಪೇಟೆಯಲ್ಲಿ ಒಬ್ಬರು ಯಾರೂ ಮುಟ್ಟಿಲ್ಲವೆಂದು ಆಣೆ ಮಾಡಿ ತೋರಿಸಿದ್ದು ಅವರಜ್ಜನ ಕಾಲದ ತಿಪ್ಪೆ. ಕೊನೆಗೆ ನಾಗಮಂಗಲದ ಕಡೆಯ ಹಳ್ಳಿಯೊಂದರಲ್ಲಿ ಗ್ರಾಮದೇವತೆಯ ತೋಪು ಸಿಕ್ಕಿತು. ಅಲ್ಲಿ ನೇಗಿಲು ಇಳಿದಿಲ್ಲ, ಬಿದ್ದ ಪುಳ್ಳೆಯನ್ನೂ ಯಾರೂ ಆಯುವುದಿಲ್ಲ. ಕಬ್ಬಿಣ ತಾಕಿಸಬಾರದು ಎಂದರು. ಪ್ರಬಂಧ ನೋಡುತ್ತಿದ್ದ ನಮ್ಮ ಮೇಷ್ಟ್ರೂ, ಲೋಹ ತಾಕಿದರೆ ಲೆಕ್ಕ ಕೆಡುತ್ತದೆಂದು, ಅದನ್ನೇ ಹೇಳಿದ್ದರು. ಪೂಜಾರಿ ಹೂ ಕೇಳಿದರು, ದೇವಿ ಬಲಗಡೆ ಕೊಟ್ಟು ಒಪ್ಪಿದಳು. ಮರದ ಸೌಟಿನಲ್ಲಿ ಮಣ್ಣು ತುಂಬಿಕೊಂಡೆ. ಚೀಲ ಕಟ್ಟುವ ಮುಂಚೆ ಪೂಜಾರಿ ಅಂಗಡಿ ಕುಂಕುಮ ಒಂದು ಹಿಡಿ ಒಳಗೇ ಸುರಿದರು. ನಾನು ತಡೆಯುವುದು ಬಿಟ್ಟು ಕೈಮುಗಿದೆ. ನಾನೂ ಈ ಕಡೆಯವನೇ ತಾನೇ.

ಆ ಕುಂಕುಮದ ಬಣ್ಣದಲ್ಲಿ ಸೀಸವಿತ್ತು. ಹೆದ್ದಾರಿಯ ಮಣ್ಣಿಗಿಂತ ದೇವಿಯ ಮಣ್ಣಿನಲ್ಲೇ ಜಾಸ್ತಿ ಬಂತು. ಅದೂ ಕಚ್ಚಿಕೊಂಡದ್ದಲ್ಲ, ಸ್ವಲ್ಪ ಹುಳಿ ತಾಕಿದರೆ ಎದ್ದು ಹೊರಡುವಂಥದ್ದು.

"ಇದು ದೇವರ ತೋಪೋ, ಬ್ಯಾಟರಿ ಅಂಗಡಿಯೋ?" ಎಂದು ಮೇಷ್ಟ್ರು ಫಲಿತಾಂಶದ ಚೀಟಿ ಬಿಸಾಡಿದರು.

ಮತ್ತೆ ಹೋಗಿ, ಕುಂಕುಮ ಹಾಕದ ಮಣ್ಣು ಕೊಡಿ ಎಂದೆ. ಪೂಜಾರಿ ಕೆರಳಿದರು. "ಏನ್ ಸ್ವಾಮಿ, ನಮ್ಮವ್ವನ್ನ ಬರೀ ಅಣೇಲಿ ಊರಾಚೆ ಕಳ್ಸಾಕಾಯ್ತದಾ? ಮುತ್ತೈದೆ ಕಣ್ರೀ ಅವ್ಳು!"

ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಕುಂಕುಮವನ್ನು ಚೀಲದ ಹೊರಗೆ ಹಚ್ಚುವುದು ಎಂದು ತೀರ್ಮಾನವಾಯಿತು. ಆದರೆ ಕುಂಕುಮ ಬೇಡವೆಂದ ನಾನು ಇನ್ನು ಅಲ್ಲಿಯ ಮಣ್ಣು ಮುಟ್ಟುವಂತಿಲ್ಲ. ತುಂಬಿಕೊಡುವವರು ಯಾರು? ಪೂಜಾರಿಯ ಬೆರಳು ನೋಡಿದೆ, ಕೆಂಪು. ಗಂಡಸರು, ಹೆಂಗಸರು ಎಲ್ಲರ ಬೆರಳೂ ಕೆಂಪು.

"ಕುಂಕ್ಮ ಮುಟ್ದಿರೋ ಕೈ ಅಂದ್ರೆ ನಿಮ್ಮಕ್ಕಂದೇಯ ಕಣಣ್ಣೋ," ಎಂದು ಕಟ್ಟೆಯ ಮೇಲಿದ್ದ ಒಬ್ಬರು ಪೂಜಾರಿಗೆ ಹೇಳಿದರು.

ಪೂಜಾರಿಯ ಅಕ್ಕ ಗಂಡ ಸತ್ತಾಗಿನಿಂದ ಕುಂಕುಮ ಮುಟ್ಟಿರಲಿಲ್ಲ. ಅದೇ ಕಾರಣಕ್ಕೆ ತೋಪಿನೊಳಗೂ ಅವರನ್ನು ಬಿಟ್ಟಿರಲಿಲ್ಲ. ಈಗ ಅದೇ ಕಾರಣಕ್ಕೆ ಅವರೇ ಆಗಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಮಣ್ಣು ಬೇಕಿತ್ತಲ್ಲ, ಚೀಲ ಮುಂದೆ ಮಾಡಿದೆ. ಪೂಜಾರಿ ಮತ್ತೆ ಹೂ ಕೇಳಿದರು. ಕೇಳಿ ಮುಗಿಸುವ ಮೊದಲೇ ಬಲಗಡೆ ಬಿತ್ತು.

ಅಕ್ಕ ಕೈ ತೊಳೆದು ಬಂದು ಹಿಡಿ ಹಿಡಿಯಾಗಿ ತುಂಬಿದರು. ಚೀಲ ತುಂಬಿದ ಮೇಲೂ ದೇವಿಯ ಎದುರು ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ ಎದ್ದು, ಚೀಲವನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದರು: "ಇನ್ನೊಂದ್ ಕಿತ ಬೇಕಾಯ್ತದಾ ಮಗಾ?"

ನನಗೆ ಒಂದೇ ಚೀಲ ಸಾಕಿತ್ತು. ಪೂಜಾರಿಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ: "ವರ್ಸಾ ವರ್ಸಾ ಬೇಕು ಕಣವ್ವ. ನೀನೇ ತೆಗ್ದುಕೊಡ್ಬೇಕು."

ಆ ಚೀಲದಿಂದ ಪ್ರಬಂಧ ಉಳಿಯಿತು. ಡಿಗ್ರಿ ಕೈಗೆ ಬಂದ ಮೇಲೂ ನಾಲ್ಕು ವರ್ಷ ಹೋಗಿ ಅಕ್ಕನ ಕೈಯಿಂದಲೇ ಮಣ್ಣು ತಂದೆ. ಅದರಲ್ಲಿ ಒಂದು ಚೀಲವನ್ನೂ ಪರೀಕ್ಷೆಗೆ ಹಾಕಲಿಲ್ಲ.