ಡಿಕಾಕ್ಷನ್ ಅಕ್ಕ ತುಂಬಿಸಿದ ಪತ್ರ

ಇತಿಹಾಸದ ಕಾರ್ಯಕ್ರಮಗಳನ್ನೇ ತೋರಿಸುವ ಆ ಟಿವಿ ಚಾನೆಲ್ಲಿನಲ್ಲಿ ಯಾರಿಗಾದರೂ ಮುನ್ನೂರು ವರ್ಷ ಹಳೆಯ ಪತ್ರ ಬೇಕಾದರೆ ಬೆಳಿಗ್ಗೆ ಹೇಳಿದರೆ ಸಾಕು, ಸಂಜೆಗೆ ತಯಾರು. ನೆಲಮಹಡಿಯ ಸಾಮಾನು ಕೋಣೆಯಲ್ಲಿ ಕೂತ ಅಕ್ಕ ಹೊಸ ಹಾಳೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ, ಹಗ್ಗಕ್ಕೆ ನೇತುಹಾಕಿ, ಅಂಚು ಉಜ್ಜಿ, ಅದಕ್ಕೆ ವಯಸ್ಸು ತರಿಸುತ್ತಿದ್ದಳು. ಹೀಗಾಗಿ ಕಟ್ಟಡಕ್ಕೆಲ್ಲ ಅವಳು ಡಿಕಾಕ್ಷನ್ ಅಕ್ಕ. ಬಿಗುಮಾನವೇನೂ ಇಲ್ಲ, ಸಂಕೋಚವಂತೂ ಮೊದಲೇ ಇಲ್ಲ. "ರಾಜರ ಸಹಿ ರಾಜರು ಹಾಕಿದ್ದಕ್ಕಿಂತ ನಾನು ಹಾಕಿದ್ದೇ ಜಾಸ್ತಿ" ಎನ್ನುವಳು.

ಕ್ಯಾಮೆರಾ ಓದುವುದು ಪತ್ರದ ಮೊದಲ ನಾಲ್ಕು ಸಾಲನ್ನು ಮಾತ್ರ. ಅಷ್ಟನ್ನು ಕಥೆ ಬರೆಯುವವರು ಕೊಡುತ್ತಾರೆ. ಉಳಿದ ಜಾಗಕ್ಕೆ ತೋಚಿದ್ದನ್ನು ಗೀಚಿ ತುಂಬಿಸುವುದು ಅಕ್ಕನ ಪಾಲು. ಶೂಟಿಂಗ್ ಮುಗಿದ ದಿನವೇ ಅದನ್ನು ಹರಿದು ಹಾಕಬೇಕೆಂಬುದು ಕಟ್ಟುನಿಟ್ಟಿನ ನಿಯಮ.

ಒಂದು ಸೋಮವಾರ ಹೊಸ ನಿರ್ದೇಶಕ ನೆಲದ ಮೇಲೆ ಕಾಲಿಲ್ಲದವನಂತೆ ಬಂದ. ಹಳೆ ಸಾಮಾನಿನ ಅಂಗಡಿಯಲ್ಲಿ ಅವನಿಗೊಂದು ಪತ್ರ ಸಿಕ್ಕಿತ್ತು. ಯುದ್ಧಕ್ಕೆ ಹೊರಟ ಸೇನಾಪತಿಯೊಬ್ಬ ಹೆಂಡತಿಗೆ ಬರೆದ ಕೊನೆಯ ಪತ್ರವಂತೆ. ಶುಕ್ರವಾರ ಅದರದೇ ಕಾರ್ಯಕ್ರಮ.

"ಕೇಳಿ ಅಕ್ಕ," ಎಂದು ಓದಿದ. "'ಹಿಂದಿನ ಬಾಗಿಲ ಚಿಲಕ ಸಡಿಲವಾಗಿದೆ, ಒಬ್ಬಳೇ ಇರುವಾಗ ಕುರ್ಚಿ ಅಡ್ಡ ಇಡು. ನಾನಿಲ್ಲವೆಂದು ಒಂದು ಹೊತ್ತೂ ಊಟ ಬಿಡಬೇಡ. ನೀನು ಸಿಟ್ಟಾಗಿ ಕೂತಾಗಲೂ ನಿನ್ನ ಪಕ್ಕ ಕೂರುವುದೇ ನನಗಿಷ್ಟ.' ಅಂಥಾ ಶೂರ ಹೀಗೆ ಬರೀತಾನೆ ಅಂದ್ರೆ! ನಂಗೆ ಕಣ್ಣಲ್ಲಿ ನೀರೇ ಬಂತು."

ಅಕ್ಕ ಅದ್ದುತ್ತಿದ್ದ ಹಾಳೆಯನ್ನು ಡಿಕಾಕ್ಷನ್ನಿನಲ್ಲೇ ಬಿಟ್ಟು ಪತ್ರದತ್ತ ಬಗ್ಗಿದಳು. ಹತ್ತೊಂಬತ್ತು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಪಕ್ಕ, ಸ್ಟೂಲಿನ ಮೇಲೆ ಕೂತು ಅದನ್ನು ಬರೆದವಳು ಅವಳೇ. ನಾಲ್ಕು ಸಾಲಾದ ಮೇಲೆ ಏನೂ ತೋಚದೆ, ಮಂಚದಲ್ಲಿದ್ದ ಗಂಡ ಹೇಳುತ್ತಿದ್ದುದನ್ನೇ ಬರೆದುಕೊಂಡು ಹೋಗಿದ್ದಳು. ಶೂಟಿಂಗಿನ ದಿನವೇ ಅವನು ತೀರಿಕೊಂಡ. ಪತ್ರ ಹರಿಯಲು ಅವಳು ಅಲ್ಲಿರಲಿಲ್ಲ. ಆಮೇಲೆ ಅದನ್ನು ಹುಡುಕುವ ಧೈರ್ಯವೂ ಬರಲಿಲ್ಲ.

"ಇದು ನಾನು ಮಾಡಿದ್ದು ಕಣಪ್ಪ."

"ತಮಾಷೆ ಬೇಡ ಅಕ್ಕ. ತಜ್ಞರು ಫೋಟೋ ನೋಡಿ ಹೂಂ ಅಂದಿದಾರೆ."

"ಹಿಂದಿನ ಪುಟ ನೋಡ್ತಾ ಇರು. ನಾನು ಕಣ್ಣು ಮುಚ್ಚಿ ಹೇಳ್ತೀನಿ."

ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಅದು ಯಾರ ಮಾತು, ಯಾವಾಗಿನದು ಎಂಬುದನ್ನೂ ಹೇಳಿದಳು. ನಿರ್ದೇಶಕನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಆಸಾಮಿ ಚುರುಕು.

"ಅಕ್ಕ, ಇದು ನಿಮಗೆ, ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಸುಮ್ನಿದ್ಬಿಡಿ. ಭಾವ ಆಡಿದ ಮಾತನ್ನ ಲಕ್ಷಾಂತರ ಜನ ಕೇಳ್ತಾರೆ. ಇಲ್ಲಾಂದ್ರೆ ಇದು ಕಸದ ಬುಟ್ಟಿಗೆ."

ಅಕ್ಕನಿಗೆ ಆಸೆಯಾಯಿತು, ಸುಳ್ಳೇಕೆ ಹೇಳಬೇಕು? ಬಸ್ಸುಗಳ ಅಡಿಯಲ್ಲಿ ಮಲಗಿ ರಿಪೇರಿ ಮಾಡುತ್ತಲೇ ಆಯುಸ್ಸು ಕಳೆದ ಮನುಷ್ಯ. ಅವನ ಮಾತನ್ನು ಅವಳೊಬ್ಬಳ ಹೊರತು ಯಾರೂ ಕಿವಿಗೆ ಹಾಕಿಕೊಂಡವರಿಲ್ಲ. ಈಗ ಊರಿಗೆ ಊರೇ ಕೇಳುತ್ತದೆ, ಆದರೆ ಬೇರೆಯವನ ಹೆಸರಿನಲ್ಲಿ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಸೇನಾಪತಿಗೆ ಕೋಟೆ ಇದೆ, ಕುದುರೆ ಇದೆ, ನಿಮ್ಮ ಚಾನೆಲ್ ಇದೆ. ನಮ್ಮನೆಯವರಿಗೆ ಇರೋದು ಈ ಒಂದು ಹಾಳೆ. ಇದನ್ನೂ ಅವನಿಗೇ ಕೊಟ್ಬಿಡ್ಲಾ? ಆಗೋದಿಲ್ಲ."

"ಶುಕ್ರವಾರಕ್ಕೆ ನಾನೇನು ಮಾಡ್ಲಿ ಅಕ್ಕ?"

"ನನ್ನನ್ನ ಕೂರಿಸು. ಹಳೇ ಪತ್ರ ಹೇಗೆ ಹುಟ್ಟುತ್ತೆ ಅಂತ ತೋರಿಸ್ತೀನಿ. ಆ ತಜ್ಞರನ್ನೂ ಕರಿ, ಒಂದಿಷ್ಟು ಕಲೀಲಿ."

ಶುಕ್ರವಾರ ಅಕ್ಕ ಕ್ಯಾಮೆರಾದ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಹಾಳೆ ಅದ್ದಿದಳು, ಆ ಪತ್ರವನ್ನು ಹರಿಯದೆ ಬಿಟ್ಟ ತನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಕೊನೆಗೆ ನಿರ್ದೇಶಕ ಪತ್ರವನ್ನು ಪೂರ್ತಿ ಓದಿದ. ಪರದೆಯ ತುಂಬ ಆ ಹಾಳೆ, ಅದರ ಕೆಳಗೆ, ಚಕ್ರವರ್ತಿಗಳ ಹೆಸರು ಬರುವ ಪಟ್ಟಿಯಲ್ಲಿ, ಅಕ್ಕ ಹೇಳಿ ಬರೆಸಿದ ಸಾಲು: "ಬಸ್ ಡಿಪೋದ ಮೆಕ್ಯಾನಿಕ್, ತನ್ನ ಹೆಂಡತಿಗೆ."